ಎಲೆಹಕ್ಕಿಗೂ ನನಗೂ ಜಗಳ ಬಿದ್ದ ಸುಗ್ಗಿ

ಆ ಸುಗ್ಗಿಯಲ್ಲಿ ನನಗೆ ವಹಿಸಿದ್ದು ಒಂದೇ ಕೆಲಸ. ಅಕ್ಕನ ಗದ್ದೆಯ ತಲೆಯಲ್ಲಿ, ಕಾಡು ಶುರುವಾಗುವ ಕಡೆ ಕಟ್ಟಿದ್ದ ಅಟ್ಟಣೆಯ ಮೇಲೆ ಕೂತು, ಪುಲ್ಪಳ್ಳಿ ಕಡೆಯ ದಾರಿಯಲ್ಲಿ ಜನ್ಮಿಯ, ಅಂದರೆ ಜಮೀನುದಾರನ, ಆಳುಗಳೋ ಪೊಲೀಸರೋ ಬರುವುದು ಕಂಡರೆ ಗಿಡುಗನ ಹಾಗೆ ಕೂಗುವುದು. ಕೋಳಿಮರಿ ಎತ್ತಿಕೊಂಡು ಹೋಗುವ ಸಣ್ಣ ಗಿಡುಗ. ಟಿಟ್ಟೀಯೂ, ಟಿಟ್ಟೀಯೂ. ಉಪಾಯ ನನ್ನದೇ. ನಮ್ಮೂರ ಒಕ್ಕಲುಗಳ ಭೂಸಮಿತಿಯ ಸಭೆಯಲ್ಲಿ ಎಲ್ಲರೂ ತಮಟೆ, ಕೊಂಬು ಅಂತ ಜಗಳವಾಡುತ್ತಿದ್ದಾಗ ನಾನು ಎದ್ದು ನಿಂತೆ. "ತಮಟೆ ಬಡಿದ್ರೆ ಅವರಿಗೂ ಕೇಳ್ಸುತ್ತೆ. ಗಿಡುಗ ಕೂಗಿದ್ರೆ ಕೋಳಿ ಬಿಟ್ಟು ಬೇರೆ ಯಾರೂ ತಲೆ ಎತ್ತಲ್ಲ," ಅಂದೆ. ಕೂಗಿಯೂ ತೋರಿಸಿದೆ. ಸಭೆ ನಡೆಯುತ್ತಿದ್ದ ಮನೆಯ ಕೋಳಿ ತನ್ನ ಮರಿಗಳನ್ನೆಲ್ಲ ರೆಕ್ಕೆಯ ಕೆಳಗೆ ಸೇರಿಸಿಕೊಂಡು ಜಗಲಿಯ ಕೆಳಗೆ ನುಗ್ಗಿತು. ಠರಾವು ಪಾಸಾಯಿತು. ನನ್ನ ಜೀವನದಲ್ಲಿ ಒಂದು ಸಭೆ ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು, ಒಪ್ಪಿಸಿದ್ದು ಕೋಳಿ.

ಗದ್ದೆ ಅಕ್ಕನದು. ಅಂದರೆ ಅಕ್ಕ ಅದು ತನ್ನದು ಅನ್ನುತ್ತಿದ್ದಳು, ಜನ್ಮಿ ತನ್ನದು ಅನ್ನುತ್ತಿದ್ದ, ಅರಣ್ಯ ಇಲಾಖೆಯವರು ಅದು ಗದ್ದೆಯೇ ಅಲ್ಲ, ಕಾಡು ಅನ್ನುತ್ತಿದ್ದರು. ಅದರೊಳಗೆ ನಿಂತಿದ್ದ ಗಂಧಸಾಲೆ ಭತ್ತ ಮಾತ್ರ ಯಾರನ್ನೂ ಕೇಳದೆ ತೆನೆ ಬಾಗಿಸಿಕೊಂಡು ಹಣ್ಣಾಗುತ್ತಿತ್ತು. ಮರಕ್ಕಡವಿನಲ್ಲಿ ಕಬಿನಿ ದಾಟಿ ಮೈಸೂರು ಸೀಮೆಯಿಂದ ಬಂದ ನಮ್ಮ ಅಜ್ಜ ಆ ಜೌಗಿನ ಲಂಟಾನ ಕಡಿದು ಬದು ಹಾಕಿದ್ದ. ಅಪ್ಪ ಅದಕ್ಕೆ ಜನ್ಮಿಗೆ ಪಾಟ ಅಳೆದ, ಬೆಳೆದದ್ದರಲ್ಲಿ ಅರ್ಧ ಗೇಣಿ. ಅಕ್ಕ ಮದುವೆಯಾದ ಮೇಲೆ ಬಾವ ಮನೆಯಳಿಯನಾಗಿ ಬಂದು ಉಳತೊಡಗಿದ. ಉಳುವವನಿಗೇ ಭೂಮಿ ಅಂತ ಸರ್ಕಾರ ಹೇಳಿದಾಗ ಬಾವ ಅದನ್ನು ನಂಬಿಬಿಟ್ಟ. ಅವನು ಮಾಡಿದ ತಪ್ಪು ಅದೊಂದೇ.

ಆ ಕಾಲದಲ್ಲಿ ಕಾಡಿನೊಳಗೆ ನಕ್ಸಲರು, ಕಾಡಿನ ಹೊರಗೆ ಪೊಲೀಸರು, ನಡುವೆ ನಾವು. ಶಾಲೆಯ ಗೋಡೆಯ ಮೇಲೆ ಒಂದು ಬೆಳಿಗ್ಗೆ ಕೆಂಪು ಅಕ್ಷರದ ಪೋಸ್ಟರ್ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಬಾವನನ್ನು ಜೀಪಿಗೆ ಹತ್ತಿಸಿದ್ದರು. ಯಾಕೆಂದರೆ ಅವನ ಅಂಗಿಯ ಮೇಲೆ ಕೆಂಪು ಬಣ್ಣವಿತ್ತು. ಅದು ಅಕ್ಕನ ಎತ್ತಿನ ಕೊಂಬಿಗೆ ಬಳಿದ ಬಣ್ಣ ಅಂತ ಎತ್ತನ್ನೇ ಹೊಡೆದುಕೊಂಡು ಹೋಗಿ ತೋರಿಸಿದರೂ ಅವರು ಎತ್ತಿನ ಸಾಕ್ಷಿ ಬರೆದುಕೊಳ್ಳಲಿಲ್ಲ. ನಮ್ಮ ಬಾವ ನಕ್ಸಲೈಟು. ಕೋಳಿ ಕೊಯ್ಯುವುದಕ್ಕೂ ಅಕ್ಕನನ್ನು ಕರೆದು ತಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದವನು.

ಸಮಿತಿಯ ಕಾರ್ಯದರ್ಶಿ ನಮ್ಮೂರ ಶಾಲೆಯ ಮಾಷು. ಅವರ ಶಾಲೆಯಲ್ಲಿ ಪೊಲೀಸರು ಕ್ಯಾಂಪು ಹಾಕಿದ್ದರಿಂದ ಅವರಿಗೆ ಬೇರೆ ಕೆಲಸವಿರಲಿಲ್ಲ. ಮಲಯಾಳಿಯಾದರೂ ನಮ್ಮೊಡನೆ ಕನ್ನಡವನ್ನೇ ಮಾತಾಡುತ್ತಿದ್ದರು, ತಮ್ಮದೇ ಬಗೆಯಲ್ಲಿ. ಅವರು ಅಕ್ಕನಿಗೆ ಬಿಡಿಸಿ ಹೇಳಿದ್ದರು: ಈ ಬೆಳೆ ಯಾರ ಕಣಕ್ಕೆ ಹೋಗುತ್ತದೋ ಅವರೇ ಸಾಗುವಳಿದಾರರು ಅಂತ ತಾಲೂಕು ಕಚೇರಿಯಲ್ಲಿ ಬರೆದುಕೊಳ್ಳುತ್ತಾರೆ. ಜನ್ಮಿಯ ಕಾರ್ಯಸ್ಥ ಕೂಲಿಯಾಳುಗಳನ್ನು ಕರೆತಂದು ಮೊದಲು ಕೊಯ್ದರೆ ಭತ್ತವೂ ಹೋಯಿತು, ಗದ್ದೆಯೂ ಹೋಯಿತು. ಬಾವ ಬಿಡುಗಡೆಯಾಗಿ ಬಂದರೆ ನಿಲ್ಲುವುದಕ್ಕೆ ಬದು ಕೂಡ ಇರುವುದಿಲ್ಲ.

"ಹಂಗಾರೆ ನಾವೇ ಮೊದ್ಲು ಕುಯ್ಯದು," ಅಂದಳು ಅಕ್ಕ. ಅವಳ ರಾಜಕೀಯ ಅಷ್ಟೇ.

ಗದ್ದೆಯ ಮೇಲಿನ ಮೂಲೆ ಮೊದಲು ಹಣ್ಣಾಗಿತ್ತು. ಅಲ್ಲಿಂದ ಶುರು ಮಾಡಿದರು. ನಾನು ಅಟ್ಟಣೆ ಹತ್ತಿದೆ. ಅಟ್ಟಣೆಯ ಹಿಂದೆಯೇ ಒಂದು ಹಲಸು. ಅದಕ್ಕೆ ತಾಗಿ, ಕಾಫಿಯ ಬೇಲಿಯ ಸಾಲಿನಲ್ಲಿ, ಯಾರೂ ಸವರದೆ ಬಿಟ್ಟ ದೊಡ್ಡ ಮುರಿಕ್ಕಿನ ಮರ. ಮೆಣಸಿನ ಬಳ್ಳಿ ಹಬ್ಬಿಸುವ ಮುಳ್ಳು ಮರ ಅದು. ಹೊಳೆಯಾಚೆ ಹಾಲುವಾಣ ಅನ್ನುತ್ತಾರೆ. ಎಲೆಯನ್ನೆಲ್ಲ ಉದುರಿಸಿ ಮೈತುಂಬ ಕೆಂಪು ಹೂ ಬಿಟ್ಟುಕೊಂಡು ನಿಂತಿತ್ತು. ಬಾವನ ಅಂಗಿಯನ್ನು ಹಿಡಿದವರು ಈ ಮರವನ್ನು ಹೇಗೆ ಬಿಟ್ಟರೋ.

ಮೊದಲ ದಿನ, ದಾರಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ನನ್ನ ಬೆನ್ನ ಹಿಂದೆ ಗಿಡುಗ ಕೂಗಿತು. ಟಿಟ್ಟೀಯೂ, ಟಿಟ್ಟೀಯೂ.

ಕೆಳಗೆ ಕುಡುಗೋಲುಗಳು ಬಿದ್ದವು. ಹೆಂಗಸರು ಕೊಯ್ದ ಕಂತೆಗಳನ್ನು ಎತ್ತಿಕೊಂಡು ಗದ್ದೆಯಂಚಿನ ಹಳ್ಳಕ್ಕೆ, ತೋಡಿಗೆ, ಇಳಿದರು. ಗಂಡಸರು ಅಕ್ಕಪಕ್ಕದ ಗದ್ದೆಯವರನ್ನು ಕೂಗಿ ಕರೆದರು. ಸುತ್ತಲ ಜನವೆಲ್ಲ ದೊಣ್ಣೆ, ಸೌದೆ, ಒಬ್ಬ ಮುದುಕ ಊರುಗೋಲು, ಹಿಡಿದುಕೊಂಡು ಬದುವಿನ ಮೇಲೆ ಸಾಲಾಗಿ ನಿಂತು ಖಾಲಿ ದಾರಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಾನಲ್ಲ," ಅಂದೆ.

ಯಾರು ನಂಬುತ್ತಾರೆ? ನಾನು ಅದಕ್ಕೆ ಮೊದಲೇ ಜನ್ಮಿಯ ಸತ್ತ ತಾಯಿಯ ದನಿಯಲ್ಲಿ ಅವನ ಅಡಿಗೆಯವನನ್ನು ಕರೆದವನು. ಮಾಷಿನ ದನಿಯಲ್ಲಿ ಶಾಲೆಗೆ ರಜ ಘೋಷಿಸಿದವನು. ನನ್ನ ಮದುವೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪನನ್ನು ಅವರ ಮುಂದೆಯೇ ಅಣಕಿಸಿ, ಹೆಣ್ಣಿನ ಮುಖ ನೋಡುವುದಕ್ಕೂ ಮುಂಚೆ ಅಂಗಳಕ್ಕೆ ಬಂದವನು.

ಎರಡನೆಯ ಸಲ ಕೂಗಿದಾಗ ನಾನಲ್ಲ ಅಂತ ತೋರಿಸಲು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ನಿಂತೆ. ದೂರದಿಂದ ನೋಡಿದವರಿಗೆ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡಿದ್ದಾನೆ ಅನ್ನಿಸಿತು. ಅವತ್ತು ತೋಡಿಗೆ ಹಾರಿದವರಲ್ಲಿ ಒಬ್ಬ ಚಿಕ್ಕಮ್ಮನ ಕಾಲು ಉಳುಕಿತು. ಅಕ್ಕ ಅಟ್ಟಣೆಯ ಕೆಳಗೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಇಳಿಯಲೇ ಕೆಳಕ್ಕೆ."

"ಅಕ್ಕಾ, ದೇವರಾಣೆಗೂ ಅದು ಹಕ್ಕಿ."

"ಹಕ್ಕಿಯಂತೆ. ನಿನ್ ಬಾವ ಒಳಗೆ ಕೊಳೀತಾವ್ನೆ. ಇಲ್ಲಿ ನನ್ ಅನ್ನ ಹೋಗದು ನಿಂಗೆ ಆಟ ಅಲ್ವೇನ್ಲಾ?"

ಆಟವಲ್ಲ ಅಂತ ನಾನು ಹೇಳಿದ್ದು ನನ್ನ ಕಿವಿಗೇ ಆಟದ ಹಾಗೆ ಕೇಳಿಸಿತು. ಸದಾ ತಮಾಷೆ ಮಾಡುವವನ ಸಂಕಟ ಇದು. ನಿಜ ಹೇಳುವಾಗ ಹಾಕಿಕೊಳ್ಳಲು ಬೇರೆ ಮುಖವೇ ಇರುವುದಿಲ್ಲ.

ಮಾಷು ಬಂದು ನಡುವೆ ನಿಂತರು. "ಎಡಾ, ನೀನು ಒಂದು ದಿವಸ ಸತ್ಯ ಹೇಳಿದ್ರೆ ಆಕಾಶ ಬಿದ್ದು ಹೋಗುಮೋ?"

"ಸತ್ಯಾನೇ ಹೇಳ್ತಿದೀನಿ ಮಾಷೆ. ಹಲಸಿನ ಮರದಲ್ಲಿ ಏನೋ ಇದೆ."

"ಏನಿದೆ?"

"ಕಾಣ್ಸಲ್ಲ."

ಬದುವಿನ ಮೇಲೆ ನಗು. ಕೊನೆಗೆ ತೀರ್ಮಾನವಾಯಿತು. ಗದ್ದೆಯ ಉಳಿದ ಭಾಗ ಹಣ್ಣಾಗಲು ಇನ್ನೂ ಕೆಲವು ದಿನ ಬೇಕು. ಅಷ್ಟರಲ್ಲಿ ಆ ಹಕ್ಕಿ ಯಾವುದು ಅಂತ ನಾನು ತೋರಿಸಬೇಕು. ಇಲ್ಲವಾದರೆ ಅಟ್ಟಣೆಗೆ ಬೇರೆಯವರು, ನನಗೆ ಕಂತೆ ಹೊರುವ ಕೆಲಸ. ಗಿಡುಗನ ಕೂಗನ್ನು ಯಾರೂ ನಂಬದ ಹಾಗಾದರೆ ಕಾರ್ಯಸ್ಥ ನಿಜವಾಗಿ ಬಂದ ದಿನ ಗದ್ದೆಯಲ್ಲಿ ತಲೆ ಎತ್ತುವವರೇ ಇರುವುದಿಲ್ಲ. ಇದು ನನಗೂ ಗೊತ್ತಿತ್ತು. ಆದ್ದರಿಂದ ಮರುದಿನ ಬೆಳಗಾಗುವುದಕ್ಕೂ ಮೊದಲೇ ಹೋಗಿ ಹಲಸಿನ ಬುಡದಲ್ಲಿ ಮಲಗಿದೆ, ಮುಖ ಮೇಲಕ್ಕೆ ಮಾಡಿಕೊಂಡು. ಇಲಾಖೆಯವರ ಲೆಕ್ಕದಲ್ಲಿ ಅದೂ ಒತ್ತುವರಿಯೇ.

ಮೊದಲು ತಿಳಿದದ್ದು: ಹಲಸಿನ ಮರದಲ್ಲಿ ಗಿಡುಗ ಇಲ್ಲ. ಗಿಡುಗ ಕೂಗಿದ ಜಾಗದಿಂದಲೇ ಮರುಗಳಿಗೆ ಪಿಕಳಾರ ಕೂಗಿತು. ಅದರ ಬಾಲಕ್ಕೇ ಅಂಟಿದ ಹಾಗೆ ಕಾಜಾಣ. ಆಮೇಲೆ ಟುವ್ವಿ ಹಕ್ಕಿ. ಆಮೇಲೆ ಕುಟ್ರು ಹಕ್ಕಿಯ ಅರ್ಧ ಕೂಗು, ಮುಗಿಸದೆ ಬಿಟ್ಟದ್ದು, ಮತ್ತೆ ಗಿಡುಗ. ಉಸಿರು ಎಳೆದುಕೊಳ್ಳುವಷ್ಟೂ ಬಿಡುವಿಲ್ಲ. ಒಂದೇ ಕೊಂಬೆಯ ಮೇಲೆ ಇಷ್ಟು ಹಕ್ಕಿ ಸೇರಿ ಸರದಿ ತಪ್ಪದೆ ಕೂಗಬೇಕಾದರೆ ಅವುಗಳಿಗೂ ಒಂದು ಸಮಿತಿ, ಒಬ್ಬ ಕಾರ್ಯದರ್ಶಿ ಇರಬೇಕು. ಇಲ್ಲ, ಇದು ಒಬ್ಬನೇ. ನನ್ನ ಜಾತಿಯವನು. ನನಗೆ ಮೈಯೆಲ್ಲ ಉರಿಯಿತು. ಈ ಸೀಮೆಯಲ್ಲಿ ಅಣಕಿಸುವ ಕಸುಬಿಗೆ ನಾನೊಬ್ಬನೇ ಅಂದುಕೊಂಡಿದ್ದೆ.

ಎಷ್ಟು ನೋಡಿದರೂ ಹಲಸಿನಲ್ಲಿ ಎಲೆ ಬಿಟ್ಟು ಬೇರೆ ಏನೂ ಕಾಣಲಿಲ್ಲ. ಪಕ್ಕದ ಮುರಿಕ್ಕಿನಲ್ಲಿ ಮಾತ್ರ ಒಂದು ಹಸಿರು ಹಕ್ಕಿ ಆಗಾಗ ಬಂದು ಹೂಗೊಂಚಲಿಗೆ ತಲೆಕೆಳಗಾಗಿ ನೇತುಬಿದ್ದು, ಸ್ವಲ್ಪ ಬಾಗಿದ ಕೊಕ್ಕನ್ನು ಹೂವಿನೊಳಗೆ ಇಟ್ಟು ಮಕರಂದ ಹೀರುತ್ತಿತ್ತು. ಪಿಕಳಾರದಷ್ಟು ಉದ್ದ, ಮೈಯೆಲ್ಲ ಎಳೆ ಎಲೆಯ ಹಸಿರು, ಗಂಟಲು ಮಸಿ ಬಳಿದ ಹಾಗೆ ಕಪ್ಪು, ಆ ಕಪ್ಪಿನೊಳಗೆ ಗಲ್ಲದ ಮೇಲೆ ನೀಲಿ ಮಿಂಚು. ಹಣೆಯ ಮೇಲೆ ಅರಿಸಿನದ ಹಾಗೆ ಏನೋ ಮೆತ್ತಿಕೊಂಡಿತ್ತು. ಹೂವಿನ ಪರಾಗ ಅಂದುಕೊಂಡೆ. ಅದು ಬಾಯಿ ಬಿಡುತ್ತಲೇ ಇರಲಿಲ್ಲ. ಮೂಕ ಪ್ರಾಣಿ, ಪಾಪ, ತಿಂದುಕೊಂಡು ಹೋಗಲಿ ಅಂತ ಅದರ ಕಡೆ ಗಮನ ಕೊಡಲಿಲ್ಲ. ಹಾಡುವವನನ್ನು ಹಲಸಿನಲ್ಲಿ ಹುಡುಕಿದೆ, ತಿನ್ನುವವನನ್ನು ಮುರಿಕ್ಕಿನಲ್ಲಿ ಬಿಟ್ಟೆ. ಎರಡೂ ಒಂದೇ ಅಂತ ಹೊಳೆಯಲು ನನ್ನಂಥ ಬುದ್ಧಿವಂತನಿಗೂ ಬಹಳ ಹೊತ್ತು ಹಿಡಿಯಿತು.

ಹೊಳೆದದ್ದು ಹೀಗೆ. ಬೇಸರಕ್ಕೆ ನಾನೇ ಒಮ್ಮೆ ಗಿಡುಗನ ಕೂಗು ಹಾಕಿದೆ. ಮುರಿಕ್ಕಿನ ಹಸಿರು ಹಕ್ಕಿ ತಟ್ಟನೆ ನೆಟ್ಟಗಾಯಿತು. ಹೂ ಬಿಟ್ಟು ನೇರ ನನ್ನ ತಲೆಯ ಮೇಲಿನ ಹಲಸಿಗೆ ಹಾರಿತು. ಎಲೆಯೊಳಗೆ ಹೊಕ್ಕ ಮರುಕ್ಷಣವೇ ಇಲ್ಲವಾಯಿತು. ಆ ಇಲ್ಲದ ಜಾಗದಿಂದ ಗಿಡುಗ ಕೂಗಿತು. ನನಗೆ ಉತ್ತರ.

ಕಿವಿಗೊಟ್ಟು ಕೇಳಿದೆ. ಮತ್ತೆ ಕೂಗಿದೆ. ಮತ್ತೆ ಕೇಳಿದೆ. ಆಮೇಲೆ ಎದ್ದು ಕೂತೆ.

ನನ್ನ ಮುಂದಿನ ಹಲ್ಲು ಅರ್ಧ ಮುರಿದಿದೆ. ಗಿಡುಗನ ಕೂಗಿನ ಕೊನೆಯಲ್ಲಿ ಆ ಸಂದಿನಿಂದ ಗಾಳಿ ಸೋರಿ 'ಸ್ಸ್' ಅಂತ ಒಂದು ಸಣ್ಣ ಸದ್ದು ಬರುತ್ತದೆ. ನಿಜವಾದ ಗಿಡುಗನಿಗೆ ಹಲ್ಲೂ ಇಲ್ಲ, ಸೋರುವುದೂ ಇಲ್ಲ. ಈ ಹಕ್ಕಿಯ ಗಿಡುಗ ಸೋರುತ್ತಿತ್ತು. ಅದು ಗಿಡುಗನನ್ನು ಅಣಕಿಸುತ್ತಿರಲಿಲ್ಲ. ಗಿಡುಗನನ್ನು ಅಣಕಿಸುವ ನನ್ನನ್ನು ಅಣಕಿಸುತ್ತಿತ್ತು. ಕೊಯ್ಲು ಶುರುವಾಗುವ ಮೊದಲು ನಾನು ಅಟ್ಟಣೆಯ ಮೇಲೆ ಕೂತು ಹಗಲೆಲ್ಲ ಅಭ್ಯಾಸ ಮಾಡಿದ್ದನ್ನು ಅದು ಹಲಸಿನೊಳಗೆ ಕೂತು ಪಾಠ ಹೇಳಿಸಿಕೊಂಡಿತ್ತು, ಮುರಿದ ಹಲ್ಲಿನ ಸಮೇತ. ನನ್ನಿಂದ ಅಣಕಿಸಿಕೊಂಡ ಊರಿನವರೆಲ್ಲರ ಪರವಾಗಿ ಒಂದು ಹಕ್ಕಿ ನಿಂತಿತ್ತು.

ಮಾಷನ್ನು ಕರೆದುಕೊಂಡು ಬಂದೆ. ಅವರು ಕನ್ನಡಕವನ್ನು ಪಂಚೆಯ ತುದಿಯಿಂದ ಒರೆಸಿಕೊಂಡು ಮುರಿಕ್ಕಿನ ಕಡೆ ನೋಡಿದರು.

"ಅಯ್ಯೋ, ಇದು ಎಲೆಹಕ್ಕಿಯಲ್ಲೇ? ನಮ್ಮಲ್ಲಿ ಇಲಕ್ಕಿಳಿ. ಎರಡು ಜಾತಿ ಉಂಟು. ಹಣೆ ಬರೀ ಹಸಿರಾದ್ರೆ ನಾಟ್ಟಿಲಕ್ಕಿಳಿ, ನಾಡಿನದ್ದು. ಹಣೆ ಚಿನ್ನದ ಬಣ್ಣ ಆದ್ರೆ ಕಾಟ್ಟಿಲಕ್ಕಿಳಿ. ಕಾಡಿಂದು."

"ಹಂಗಾರೆ ಇದು ನಾಡಿಂದು. ಹಣೆ ಮೇಲಿರೋದು ಪರಾಗ."

"ಪರಾಗ ಅಂತ ಹೇಗೆ ಗೊತ್ತು?"

ಗೊತ್ತಿರಲಿಲ್ಲ. ಕಾದೆವು. ಮಧ್ಯಾಹ್ನ ಅದು ತೋಡಿನ ಮಡುವಿಗೆ ಇಳಿದು, ತಲೆಯನ್ನು ನೀರಿನಲ್ಲಿ ಮತ್ತೆ ಮತ್ತೆ ಅದ್ದಿ ಚೆನ್ನಾಗಿ ಮಿಂದಿತು. ಮೇಲೆ ಬಂದು ಕಾಫಿಗಿಡದ ತುದಿಯಲ್ಲಿ ಬಿಸಿಲಿಗೆ ಕೂತಾಗ ಹಣೆ ಇನ್ನೂ ಹೊಳೆಯುತ್ತಿತ್ತು, ಮೊದಲಿಗಿಂತ ಹೆಚ್ಚು. ತೊಳೆದರೆ ಹೋಗುವ ಚಿನ್ನವಲ್ಲ ಅದು.

"ಕಾಡಿನದ್ದೇ," ಅಂದರು ಮಾಷು.

"ಗದ್ದೆ ತಲೇಲಿ ಕೂತೈತೆ, ಬೇಲಿ ಮರದಲ್ಲಿ ತಿಂತೈತೆ, ಕಾಡಿನಾಗೆ ಗೂಡು. ಯಾವ ಇಲಾಖೆಗೆ ಸೇರಿದ್ದು ಮಾಷೆ ಇದು?"

"ಅಂಚಿಂದು," ಅಂದರು ಮಾಷು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತ, "ಅಂಚಿಗೆ ಸರ್ವೇ ನಂಬರ್ ಇಲ್ಲಾ," ಅಂದರು.

ಆಮೇಲಿನ ದಿನಗಳಲ್ಲಿ ನಾನು ಅದನ್ನು ಬಿಡದೆ ನೋಡಿದೆ. ಕೆಲಸಕ್ಕೆ ಅಂತ ಶುರುವಾದದ್ದು ಹಟವಾಯಿತು. ಆ ಮುರಿಕ್ಕಿನ ಮರ ಪೂರ್ತಿ ತನ್ನದು ಅನ್ನುವ ಹಾಗೆ ಅದು ನಡೆದುಕೊಳ್ಳುತ್ತಿತ್ತು. ಸೂರಕ್ಕಿಗಳು ಬಂದರೆ ಮೈಮೇಲೆ ಎರಗಿ ಓಡಿಸುತ್ತಿತ್ತು. ಪಿಕಳಾರಗಳು ಹಿಂಡಾಗಿ ಬಂದಾಗ ಮಾತ್ರ ಎರಗುತ್ತಿರಲಿಲ್ಲ. ಅವು ಬಹಳ, ಇದು ಒಂದು. ಆಗ ಎಲೆಯೊಳಗೆ ಹೋಗಿ ಗಿಡುಗನ ದನಿ ತೆಗೆಯುತ್ತಿತ್ತು. ಪಿಕಳಾರಗಳು ಚೆಲ್ಲಾಪಿಲ್ಲಿ. ಇದು ಹೊರಗೆ ಬಂದು ಮತ್ತೆ ತಲೆಕೆಳಗಾಗಿ ನೇತುಬಿದ್ದು ಹೀರುವುದು. ಬೇಕೆಂದೇ ಹಾಗೆ ಮಾಡುತ್ತಿತ್ತೋ, ಸುಮ್ಮನೆ ಹಾಡಿನ ನಡುವೆ ಗಿಡುಗ ಬರುವ ಹೊತ್ತಿಗೆ ಪಿಕಳಾರಗಳೂ ಬರುತ್ತಿದ್ದವೋ ಹೇಳಲಾರೆ. ಮಾಷು, "ಹೆಣ್ಣಿಗೆ ಪಾಡುವುದಿರಬಹುದು, ನೀನು ಎಲ್ಲದರಲ್ಲಿಯೂ ವರ್ಗಸಮರ ಕಾಣಬೇಡ," ಅಂದರು. ಇರಬಹುದು. ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ಒಂದು ಮಧ್ಯಾಹ್ನ ನಿಜವಾದ ಗಿಡುಗ ಬಂದು ಮುರಿಕ್ಕಿನ ಮೇಲೆ ಕೂತಿತು. ಎಲೆಹಕ್ಕಿ ಹಲಸಿನ ಒಂದು ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆಯಾಗಿ ಉಳಿಯಿತು. ಕಣ್ಣು ಕೂಡ ಮಿಟುಕಿಸಲಿಲ್ಲ. ಓಡಿಹೋಗಲಿಲ್ಲ ಅನ್ನುವುದನ್ನು ನೀವು ಗಮನಿಸಬೇಕು. ಗಿಡುಗ ಹಾರಿ ಹೋಗಿ ಅದರ ನೆರಳು ಗದ್ದೆ ದಾಟಿದ್ದೇ ತಡ, ಇದು ಬಾಯಿ ತೆರೆಯಿತು. ಟಿಟ್ಟೀಯೂ. ಈಗ ತಾನೆ ಎದ್ದು ಹೋದವನನ್ನೇ. ಪೊಲೀಸ್ ಜೀಪು ತಿರುವಿನಲ್ಲಿ ಮರೆಯಾದ ಕೂಡಲೇ ಚಹದಂಗಡಿಯಲ್ಲಿ ನಾನು ಮಾಡುತ್ತಿದ್ದದ್ದೂ ಅದನ್ನೇ. ಅವತ್ತು ನಮ್ಮಿಬ್ಬರಿಗೂ ರಾಜಿಯಾಯಿತು. ಅದಕ್ಕೆ ತಿಳಿಸಿರಲಿಲ್ಲ, ಅಷ್ಟೇ.

ಸಮಿತಿಗೆ ನಾನು ಕೊಟ್ಟ ವರದಿ ಇಷ್ಟು: ಈ ಹಕ್ಕಿ ಒಂದೇ ಕೂಗಿನಲ್ಲಿ ನಿಲ್ಲುವುದಿಲ್ಲ. ಗಿಡುಗನ ಹಿಂದೆಯೇ ಪಿಕಳಾರವೋ ಟುವ್ವಿಯೋ ಬಂದೇ ಬರುತ್ತದೆ. ಗಿಡುಗನ ಕೂಗು ಕೇಳಿದರೆ ಸ್ವಲ್ಪ ತಾಳಿ. ಬೇರೆ ಹಕ್ಕಿ ಸೇರಿದರೆ ಅದು ಅವನು, ಕೊಯ್ಯುತ್ತಿರಿ. ಬರೀ ಗಿಡುಗ, ಗಿಡುಗ, ಗಿಡುಗ ಆದರೆ ನಾನು, ಎದ್ದೇಳಿ. ಹೆಂಗಸರು ಇದನ್ನು ಎಷ್ಟು ಬೇಗ ಕಲಿತರೆಂದರೆ, ಸೊಪ್ಪು ಕೊಯ್ಯಲು ಬಂದವರೂ ತಲೆ ಎತ್ತದೆ, "ಅದು ಅವನು, ಇವನಲ್ಲ," ಅನ್ನುತ್ತಿದ್ದರು. ಯಾವನು ಮೂಲ, ಯಾವನು ನಕಲು ಅಂತ ಮಾತ್ರ ನಾನು ಕೇಳಲು ಹೋಗಲಿಲ್ಲ.

ದೊಡ್ಡ ಕೊಯ್ಲಿನ ದಿನ ಬಂತು. ಇಬ್ಬನಿ ಆರುವ ಮೊದಲೇ ಎಲ್ಲರೂ ಗದ್ದೆಗೆ ಇಳಿದಿದ್ದರು. ನಾನು ಅಟ್ಟಣೆಯ ಮೇಲೆ, ಕೈಯಲ್ಲಿ ಅಕ್ಕನ ಮನೆಯ ಸೀಮೆಎಣ್ಣೆ ಹುಯ್ಯುವ ಆಲಿಕೆ. ಅದು ಊಟದ ಹೊತ್ತಿನ ಮನರಂಜನೆಗೆ. ಕ್ಯಾಂಪಿನ ಇನ್ಸ್‌ಪೆಕ್ಟರು ತಗಡಿನ ತುತ್ತೂರಿ ಹಿಡಿದು ಕಾಡಂಚಿನ ಮನೆಗಳಿಗೆ ಎಚ್ಚರಿಕೆ ಕೊಡುತ್ತಿದ್ದರು: ಅನುಮತಿಯಿಲ್ಲದೆ ಕತ್ತಿ ಹಿಡಿದು ಕಾಡಿನ ಹತ್ತಿರ ಗುಂಪು ಕಟ್ಟಿದವರನ್ನು ನಕ್ಸಲರೆಂದೇ ತಿಳಿದು ಗುಂಡು ಹಾರಿಸಲಾಗುವುದು. ಅವರನ್ನು ಮಾಡಿ ತೋರಿಸು ಅಂತ ಕೊಯ್ಲಿನವರ ಬೇಡಿಕೆ ಇತ್ತು.

ಅರ್ಧ ಗದ್ದೆ ಮುಗಿದಿತ್ತು. ಕಾಫಿತೋಟದ ನಡುವಿನ ದಾರಿಯಲ್ಲಿ ಕಾರ್ಯಸ್ಥನ ಬಿಳಿ ಪಂಚೆ ಕಂಡಿತು. ಅವನ ಹಿಂದೆ ಕುಡುಗೋಲು ಹಿಡಿದ ಕೂಲಿಯಾಳುಗಳ ಸಾಲು; ಸಾಲು ಮುಗಿಯುತ್ತಲೇ ಇರಲಿಲ್ಲ. ನಾನು ಕೂಗಿದೆ. ಗಿಡುಗ, ಗಿಡುಗ, ಗಿಡುಗ. ಬರೀ ಗಿಡುಗ.

ಹಲಸಿನೊಳಗಿಂದ ನನ್ನ ಮಿತ್ರ ನನಗೆ ಉತ್ತರ ಕೊಟ್ಟ. ನನ್ನ ಗಿಡುಗನ ಬಾಲ ಹಿಡಿದು ಪಿಕಳಾರ, ಅದರ ಬೆನ್ನಿಗೆ ಟುವ್ವಿ, ಕಾಜಾಣ. ನಾನು ಮತ್ತೆ ಕೂಗಿದೆ. ಅವನು ಮತ್ತೆ ಸೇರಿಸಿದ. ಗದ್ದೆಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ನಾನೇ ಹೇಳಿಕೊಟ್ಟ ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿದ್ದರು. ಹಕ್ಕಿಯ ಬಗ್ಗೆ ನನಗೆ ಎಲ್ಲ ಗೊತ್ತಾಯಿತು ಅಂದುಕೊಂಡಿದ್ದೆ. ಕೂಗಿದವನಿಗೆ ಅದು ಎದುರು ಕೂಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬಾಯಿಬಿಟ್ಟು ಕನ್ನಡದಲ್ಲೇ ಅರಚಬಹುದಿತ್ತು. ಆದರೆ ಜನ ಸೇರುವ ಹೊತ್ತಿಗೆ ಅವರು ಗದ್ದೆಗೆ ಇಳಿದಿರುತ್ತಿದ್ದರು. ಅವರು ಬಹಳ, ನಾವು ಕಡಿಮೆ. ಪಿಕಳಾರಗಳ ಹಿಂಡು ಕಣ್ಣ ಮುಂದೆ ಬಂತು. ಅಟ್ಟಣೆಯಿಂದ ಜಾರಿ, ಕಾಫಿಗಿಡಗಳ ಒಳಗೆ ನುಗ್ಗಿ, ಆಲಿಕೆಯನ್ನು ಬಾಯಿಗಿಟ್ಟೆ. ಸೀಮೆಎಣ್ಣೆಯ ರುಚಿ ಗಂಟಲಿಗಿಳಿಯಿತು. ಇನ್ಸ್‌ಪೆಕ್ಟರ ಮಲಯಾಳ ತೆಂಕಣ ಸೀಮೆಯದು, ಎಳೆದು ಎಳೆದು ಆಡುವ ಮಾತು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಯಾರದು ಕಾಡಂಚಿನಲ್ಲಿ ಕತ್ತಿ ಹಿಡಿದು ಗುಂಪು ಕಟ್ಟಿದ್ದು? ಕತ್ತಿ ಕೆಳಗೆ. ಕೈ ಮೇಲೆ. ಒಂದು ಹೆಜ್ಜೆ ಮುಂದಿಟ್ಟವನನ್ನು ಸುಡುತ್ತೇನೆ."

ದಾರಿಯಲ್ಲಿ ಕುಡುಗೋಲುಗಳು ಉದುರಿದ ಸದ್ದು. ಎಲ್ಲ ಕೈಗಳೂ ಮೇಲೆ.

"ಸಾರೇ, ನಾನು ಜನ್ಮಿಯವರ ಕಾರ್ಯಸ್ಥ," ಅಂತ ಒಂದು ನಡುಗುವ ದನಿ.

"ನಿನ್ನನ್ನೇ ಹುಡುಕುತ್ತಿದ್ದೆ. ಇವರನ್ನೆಲ್ಲ ಯಾರ ಅನುಮತಿಯಿಂದ ತಂದೆ? ಕ್ಯಾಂಪಿಗೆ ನಡೆ. ಅಲ್ಲಿ ಕಾಯಿ."

ಕೂಲಿಯಾಳುಗಳು ನಡೆಯಲಿಲ್ಲ, ಓಡಿದರು. ಅವರೂ ನಮ್ಮಂಥವರೇ, ಒಂದು ಹೊತ್ತಿನ ಅನ್ನಕ್ಕೆ ಬಂದವರು. ಗುಂಡು ತಿನ್ನಲು ಬಂದಿರಲಿಲ್ಲ. ಕಾರ್ಯಸ್ಥ ಪಂಚೆ ಎತ್ತಿ ಕಟ್ಟಿಕೊಂಡು ಅವರ ಹಿಂದೆ ಹೋದ. ನಾನು ಗೆದ್ದವನ ಹಾಗೆ ಗಿಡಗಳ ಸಂದಿನಿಂದ ಹೊರಬಂದು ನೋಡಿದರೆ, ಗದ್ದೆಯಲ್ಲಿ ನಮ್ಮವರೂ ಎಲ್ಲರೂ ಕೈ ಮೇಲೆತ್ತಿ ನಿಂತಿದ್ದರು, ಮಾಷು ಸಮೇತ. ಅಕ್ಕ ಒಬ್ಬಳೇ ಬಗ್ಗಿ ಕೊಯ್ಯುತ್ತಿದ್ದಳು.

"ನಿಂಗೆ ಭಯ ಆಗ್ಲಿಲ್ವೇನಕ್ಕಾ?"

"ಇನ್ಸ್‌ಪೆಟ್ರು ಮಾತಿನ್ ಮಧ್ಯೆ ಉಗುಳು ನುಂಗ್ತಾನೆ. ನೀನು ನುಂಗ್ಲಿಲ್ಲ," ಅಂದಳು ಅಕ್ಕ. "ಕಂತೆ ಹೊರು ಬಾ. ಬೇಗ."

ಸಂಜೆಯ ಹೊತ್ತಿಗೆ ಕೊನೆಯ ಕಂತೆ ಅಕ್ಕನ ಕಣದಲ್ಲಿತ್ತು. ಮರುದಿನ ಬೆಳಿಗ್ಗೆ ನಾನು ಕ್ಯಾಂಪಿನಲ್ಲಿದ್ದೆ.

ಇನ್ಸ್‌ಪೆಕ್ಟರು ಮಾಷಿನ ಕುರ್ಚಿಯಲ್ಲಿ, ಕರಿಹಲಗೆಯ ಕೆಳಗೆ ಕೂತಿದ್ದರು. ಪಕ್ಕದಲ್ಲಿ ಕಾರ್ಯಸ್ಥ. ಅವನು ಕ್ಯಾಂಪಿನ ಅಂಗಳದಲ್ಲಿ ಅರ್ಧ ದಿನ ಕಾದು, ಅಲ್ಲಿ ಯಾರೂ ಅವನನ್ನು ಕರೆಸಿರಲಿಲ್ಲ ಅನ್ನುವುದನ್ನು ತಿಳಿದುಕೊಂಡಿದ್ದ. ಈ ಸೀಮೆಯಲ್ಲಿ ಪರರ ದನಿ ತೆಗೆಯುವವನು ಯಾರು ಅಂತ ಕೇಳಿದರೆ ಮಗು ಕೂಡ ನನ್ನ ಮನೆ ತೋರಿಸುತ್ತದೆ.

"ನನ್ನ ಹಾಗೆ ಮಾತಾಡು," ಅಂದರು ಇನ್ಸ್‌ಪೆಕ್ಟರು.

ಮಾತಾಡಿದರೆ ಮುಗಿಯಿತು. ಅಧಿಕಾರಿಯ ವೇಷ ಹಾಕಿ ಜನ್ಮಿಯ ಬೆಳೆ ಕದ್ದದ್ದು ಅಂತ ಬರೆದುಕೊಂಡು, ನಮ್ಮ ಕಣದಿಂದಲೇ ಭತ್ತವನ್ನು ಹೊತ್ತುಕೊಂಡು ಹೋಗಬಹುದು. ಮಾತಾಡದೆ ಇದ್ದರೂ ಅದೇ. ಕಿಟಕಿಯಲ್ಲಿ ಪೊಲೀಸರೆಲ್ಲ ಮುಖ ತುರುಕಿಕೊಂಡು ನಿಂತಿದ್ದರು. ಅಷ್ಟು ಒಳ್ಳೆಯ ಪ್ರೇಕ್ಷಕರು ನನಗೆ ಆಮೇಲೆ ಎಲ್ಲಿಯೂ ಸಿಗಲಿಲ್ಲ. ಅವರ ಮುಂದೆ ನಾನು ಬೇಕೆಂದೇ ಇನ್ಸ್‌ಪೆಕ್ಟರನ್ನು ಕೆಟ್ಟದಾಗಿ ಮಾಡಿದೆ. ಮೂಗಿನಲ್ಲಿ ಮಾಡಿದೆ. ಎಮ್ಮೆಕರು ಕಟ್ಟಿದ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು ಕೂಗಿದ ಹಾಗೆ ಮಾಡಿದೆ. ಕಿಟಕಿಯಲ್ಲಿ ಒಬ್ಬ ಪೊಲೀಸ್, "ಥೂ, ಇಷ್ಟಕ್ಕೇ ಇವನು ಹೆಸರಾದವನಾ?" ಅಂದ. ಆ ಮಾತು ಇವತ್ತಿಗೂ ನೋಯುತ್ತದೆ.

"ಸಾರೇ, ಇದಲ್ಲ," ಅಂದ ಕಾರ್ಯಸ್ಥ. "ನಿನ್ನೆ ಸಾಕ್ಷಾತ್ ನಿಮ್ಮ ಹಾಗೆಯೇ ಇತ್ತು."

ಇನ್ಸ್‌ಪೆಕ್ಟರು ಅವನ ಕಡೆ ತಿರುಗಿದರು. "ಈ ಒರಲುವಿಕೆ ನನ್ನ ಹಾಗಿದೆಯೇ?"

"ಇದಲ್ಲ ಸಾರೇ, ನಿನ್ನೆಯದು."

"ನಿನ್ನೆ ಇವನು ನಾನು, ಇವತ್ತು ಇವನು ಕರು?"

ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. ಅವರು ದಡ್ಡರಲ್ಲ. ಆದರೆ ತನ್ನನ್ನು ಒಬ್ಬ ಒಕ್ಕಲಿನವಳ ತಮ್ಮ ಸೀಮೆಎಣ್ಣೆ ಆಲಿಕೆಯಲ್ಲಿ ಆಡಿಸಿದ ಅಂತ ಕಾಗದದ ಮೇಲೆ ಬರೆದು ಮೇಲಕ್ಕೆ ಕಳಿಸಲು ಯಾವ ಅಧಿಕಾರಿಗೆ ಮನಸ್ಸು ಬರುತ್ತದೆ?

"ಹಾಗಾದರೆ ನಿನ್ನೆ ಕೂಗಿದ್ದು ಯಾರು?"

"ಎಲೆಹಕ್ಕಿ ಇರಬೇಕು ಸಾರ್. ಚಿನ್ನದ ಹಣೆಯದು. ಯಾರ ದನಿ ಬೇಕಾದರೂ ತೆಗೆಯುತ್ತದೆ."

ಕೆನ್ನೆಗೆ ಬಿತ್ತು. ಬಿದ್ದ ಮೇಲೂ, "ಬಂದರೆ ತೋರಿಸುತ್ತೇನೆ ಸಾರ್, ಕಾಣುವುದು ಸ್ವಲ್ಪ ಕಷ್ಟ," ಅಂದೆ. ಇನ್ನೊಂದು ಬಿತ್ತು. ಆಮೇಲೆ ಹೊರಗೆ ಹೋಗು ಅಂದರು.

ಮನೆಗೆ ಬಂದಾಗ ಕಣದಲ್ಲಿ ಭತ್ತ ತುಳಿಸುತ್ತಿದ್ದರು. ಕೆಲವು ದಿನಗಳ ಮೇಲೆ ತಾಲೂಕಿನಿಂದ ಒಬ್ಬ ಗುಮಾಸ್ತ ಬಂದು ಕಣವನ್ನೂ ಹುಲ್ಲಿನ ಮೆದೆಯನ್ನೂ ನೋಡಿ ಬರೆದುಕೊಂಡು ಹೋದ. ಅದರ ಮರುದಿನ ಮಧ್ಯಾಹ್ನ ಕಾರ್ಯಸ್ಥ ಬಂದ, ಒಬ್ಬನೇ. ಕುಡುಗೋಲೂ ಇಲ್ಲ, ಆಳೂ ಇಲ್ಲ. ಬಿಸಿಲಿನಲ್ಲಿ ಪುಲ್ಪಳ್ಳಿಯಿಂದ ನಡೆದು ಬಂದಿದ್ದ. ಜಗಲಿಯ ಕೆಳಗೆ ನಿಂತು ಮೆಲ್ಲಗೆ ಹೇಳಿದ:

"ಅರ್ಧ ಬೇಡ, ಹೆಸರಿಗೆ ಒಂದು ಮೂಟೆ ಕೊಡು ತಂಗಿ. ಬರಿಗೈಲಿ ಹೋದರೆ ಯಜಮಾನರು ನನ್ನನ್ನು ಇಟ್ಟುಕೊಳ್ಳುವುದಿಲ್ಲ."

ನನಗೆ ಅವನ ದನಿ ತೆಗೆಯಲು ನಾಲಿಗೆ ತುರಿಸಿತು. ಅಕ್ಕ ಕಣ್ಣಲ್ಲೇ ಸುಮ್ಮನಿರಿಸಿದಳು. ಒಂದು ಮೂಟೆ ಹೋದರೂ ಅದು ಪಾಟ ಅಳೆದ ಹಾಗೆಯೇ, ನೆಲ ಜನ್ಮಿಯದೇ ಅಂತ ಒಪ್ಪಿದ ಹಾಗೆಯೇ ಅಂತ ಅವಳಿಗೆ ಯಾವ ಮಾಷೂ ಹೇಳಿಕೊಡಬೇಕಾಗಿರಲಿಲ್ಲ. ಒಳಗೆ ಹೋಗಿ ಬಾಳೆಲೆ ತಂದು ಜಗಲಿಯ ಮೇಲೆ ಹಾಸಿದಳು. ಹೊಸಕ್ಕಿಯ ಅನ್ನ ಬಡಿಸಿದಳು. ಗಂಧಸಾಲೆಯ ಪರಿಮಳ ಅಂಗಳದವರೆಗೂ ಬಂತು.

"ಕೂತ್ಕೊಳಿ. ಹೊಟ್ಟೆ ತುಂಬ ಉಣ್ಣಿ. ಹೊತ್ಕೊಂಡು ಹೋಗಕ್ಕೆ ಮಾತ್ರ ಒಂದು ಕಾಳೂ ಇಲ್ಲ."

ಕಾರ್ಯಸ್ಥ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡಲೋ ಬೇಡವೋ ಅನ್ನುವ ಹಾಗೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಅದನ್ನೂ ಬಿಟ್ಟು, ಕೈ ತೊಳೆದುಕೊಂಡು ಎಲೆಯ ಮುಂದೆ ಕೂತ. ಅಕ್ಕ ಸಾರು ತರಲು ಒಳಗೆ ಹೋದಳು.